ಬೋರ್ಡ್ ಅಂಟಿಸುವ ಮೊದಲು ಗೋಡೆಗೆ ಹನ್ನೊಂದು ದಿನ

ಕಳೆದ ವರ್ಷ ಮಹಡಿಯ ಸಣ್ಣ ಕೋಣೆಯಲ್ಲಿ ನಾನು ಅಂಟಿಸಿದ್ದ ಪ್ಲಾಸ್ಟರ್‌ಬೋರ್ಡ್ (ಎರಡೂ ಕಡೆ ಕಾಗದ ಹೊದಿಸಿದ ಜಿಪ್ಸಂ ಹಾಳೆ) ಒಂದು ಐದೇ ತಿಂಗಳಿಗೆ ಗೋಡೆ ಬಿಟ್ಟಿತು. ಸದ್ಯ, ಯಾರ ಮೇಲೂ ಬೀಳಲಿಲ್ಲ. ಕೈಯಿಟ್ಟು ಒತ್ತಿದರೆ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಕೆಳಗಿನ ಮರದ ಪಟ್ಟಿ ಬಿಚ್ಚಿ ಎಳೆದೆ. ಇಡೀ ಹಾಳೆ ಸಲೀಸಾಗಿ ಕೈಗೆ ಬಂತು.

ಹಿಂಬದಿ ತಿರುಗಿಸಿ ನೋಡಿದೆ. ಅಂಟಿನ ಮುದ್ದೆಗಳೆಲ್ಲ ಬೋರ್ಡಿಗೆ ಗಟ್ಟಿಯಾಗಿ ಕೂತಿದ್ದವು. ಆದರೆ ಒಂದೊಂದು ಮುದ್ದೆಯ ಮುಖದ ಮೇಲೂ ತೆಳುವಾದ ಹಳದಿ ಮಿಶ್ರಿತ ಬಿಳಿ ಪದರ, ಆರಿದ ಹಾಲಿನ ಮೇಲೆ ಕಟ್ಟುವ ಕೆನೆಯ ಹಾಗೆ. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ಅದು ಮನೆ ಕಟ್ಟಿದ ಕಾಲದ ಡಿಸ್ಟೆಂಪರ್. ನನ್ನ ಅಂಟು ಡಿಸ್ಟೆಂಪರನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಡಿಸ್ಟೆಂಪರ್ ಮಾತ್ರ ಗೋಡೆಯನ್ನು ಹಿಡಿದುಕೊಂಡಿರಲಿಲ್ಲ.

ಆ ಮುದ್ದೆಯ ಒಂದು ತುಂಡನ್ನು ಗ್ಯಾರೇಜಿನ ಕಿಟಕಿಯಲ್ಲಿ ಎತ್ತಿಟ್ಟಿದ್ದೇನೆ. ಈ ಸಲ ಕೆಳಗಿನ ಹಿಂದಿನ ಕೋಣೆ ಕೈಗೆತ್ತಿಕೊಂಡಾಗ, ಗೋಡೆ ಸಿದ್ಧವಾಯಿತು ಅನ್ನುವವರೆಗೂ ಬೋರ್ಡನ್ನು ಮನೆಗೆ ತರುವುದೇ ಇಲ್ಲ ಅಂತ ತೀರ್ಮಾನ ಮಾಡಿದೆ. ಸಂಜೆ ಮತ್ತು ವಾರಾಂತ್ಯದ ಕೆಲಸವನ್ನೆಲ್ಲ ಸೇರಿಸಿದರೆ ಗೋಡೆಗೇ ಹನ್ನೊಂದು ದಿನ ಹಿಡಿಯಿತು. ಬೋರ್ಡ್ ಅಂಟಿಸುವುದಕ್ಕೆ ಒಂದು ಬೆಳಗ್ಗೆ ಸಾಕಾಯಿತು. ಹಾಗಾಗಿ ಈ ಬರಹವೂ ಹೆಚ್ಚಾಗಿ ಗೋಡೆಯ ಬಗ್ಗೆಯೇ.

ನಮ್ಮ ಮನೆ ಇರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ, ಮ್ಯಾಂಚೆಸ್ಟರ್ ಪಕ್ಕ. 1930ರ ದಶಕದ ಜೋಡಿ ಮನೆ. ಒಂದು ಪಕ್ಕದ ಗೋಡೆ ನೆರೆಮನೆಗೂ ನಮಗೂ ಜಂಟಿ. ಹೊರಗೋಡೆಗಳು ಎರಡು ಪದರ ಇಟ್ಟಿಗೆ, ನಡುವೆ ಸುಮಾರು ಎರಡು ಇಂಚು ಖಾಲಿ ಜಾಗ. ಒಳಗೋಡೆಗಳು ನಾಲ್ಕೂವರೆ ಇಂಚಿನವು. ನಮ್ಮೂರ ಕಡೆ ಇಟ್ಟಿಗೆ ಮೇಲೆ ಸಿಮೆಂಟ್ ಗಾರೆ ಎಳೆದು, ಅದಕ್ಕೆ ಪುಟ್ಟಿ ಬಳಿಯುತ್ತೇವೆ. ಇಲ್ಲಿ ಈಗ ಜಾಸ್ತಿ ಜನ ಮಾಡುವುದು ಬೇರೆ. ಜಿಪ್ಸಂ ಅಂಟನ್ನು ಮುದ್ದೆ ಮುದ್ದೆಯಾಗಿ ಗೋಡೆಗೆ ಬಡಿದು, ಅದರ ಮೇಲೆ 12.5 ಮಿಲಿಮೀಟರ್ ದಪ್ಪದ ಬೋರ್ಡ್ ಒತ್ತುತ್ತಾರೆ. ಡಾಟ್ ಅಂಡ್ ಡ್ಯಾಬ್ ಅಂತ ಕರೆಯುತ್ತಾರೆ. ಮೊಳೆ ಇಲ್ಲ, ಮರದ ಚೌಕಟ್ಟು ಇಲ್ಲ. ಸುಮಾರು 23 ಕಿಲೋ ತೂಗುವ ಹಾಳೆಯನ್ನು ಹಿಡಿದು ನಿಲ್ಲಿಸುವುದು ಇಟ್ಟಿಗೆಯ ಮೈಗೆ ಕಚ್ಚಿಕೊಂಡ ಆ ಮುದ್ದೆಗಳು ಮಾತ್ರ. ಇಟ್ಟಿಗೆಯ ಮೈ ಹೇಗಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಕೋಣೆಯಲ್ಲಿ ನಾಲ್ಕು ಮುಖ. ಒಂದು ಹೊರಗೋಡೆ. ಅದನ್ನು ಈ ಸಲ ಮುಟ್ಟಲಿಲ್ಲ. ಇಲ್ಲಿ ಹೊರಗೋಡೆಯ ಒಳಮೈಯಲ್ಲಿ ಶೇಕಡಾ 25 ಅಥವಾ ಅದಕ್ಕಿಂತ ಹೆಚ್ಚು ಭಾಗಕ್ಕೆ ಹೊಸ ಪ್ಲಾಸ್ಟರ್ ಮಾಡಿದರೆ ಅಥವಾ ಬೋರ್ಡ್ ಹೊದಿಸಿದರೆ, ಸಾಮಾನ್ಯವಾಗಿ ಕಟ್ಟಡ ನಿಯಮ ಅನ್ವಯವಾಗುತ್ತದೆ. ಆ ಗೋಡೆಯ ಶಾಖ ತಡೆಯುವ ಶಕ್ತಿಯನ್ನೂ ಸುಧಾರಿಸಬೇಕಾಗುತ್ತದೆ. ಅದು ಬೇರೆಯದೇ ಕೆಲಸ, ಅದಕ್ಕೆ ಇಲ್ಲಿನ ನಗರಸಭೆಯಂಥ ಕೌನ್ಸಿಲ್‌ಗೆ ಮೊದಲೇ ತಿಳಿಸಬೇಕು. ಉಳಿದದ್ದು ಪ್ಯಾಸೇಜ್ ಪಕ್ಕದ ಒಳಗೋಡೆ, ನೆರೆಮನೆಯ ಜಂಟಿ ಗೋಡೆ, ಆ ಜಂಟಿ ಗೋಡೆಯ ನಡುವೆ ಉಬ್ಬಿ ನಿಂತ, ಹಳೇ ಕಲ್ಲಿದ್ದಲ ಒಲೆಯ ಚಿಮಣಿ. ಮೂರಕ್ಕೂ ಬೋರ್ಡ್ ಅಂಟಿಸುವುದು ಅಂತಲೇ ಶುರು ಮಾಡಿದ್ದೆ. ಕೊನೆಗೆ ಒಂದೇ ಒಂದಕ್ಕೆ ಅಂಟಿಸಿದೆ.

ತಟ್ಟಿ ನೋಡಿದ್ದು

ಮೊದಲ ದಿನ ಸುತ್ತಿಗೆ ಎತ್ತಲಿಲ್ಲ. ಸೀಲಿಂಗ್ ಮೇಲೆ ಗುಳ್ಳೆ ಗುಳ್ಳೆಯ ಬಣ್ಣದ ಲೇಪ ಇತ್ತು. ಧೂಳು ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ಬ್ರಿಟನ್ನಿನಲ್ಲಿ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಹಿಂದಿನ ಇಂಥ ಲೇಪದಲ್ಲಿ ಅದು ಇರಬಹುದು. ಅದಕ್ಕೇ ಒಂದು ಚೂರು ಲ್ಯಾಬಿಗೆ ಕಳಿಸಿ, ಇಲ್ಲ ಅನ್ನುವ ಉತ್ತರ ಬಂದ ಮೇಲೇ ಕೋಣೆಯಲ್ಲಿ ಧೂಳೆಬ್ಬಿಸಿದ್ದು. ಹಳೇ ಮನೆ ಇರುವವರು ಇದೊಂದನ್ನು ಮಾತ್ರ ಬಿಡಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಗೋಡೆಯೊಳಗಿನ ವೈರು ಪೈಪು ಎಲ್ಲೆಲ್ಲಿ ಹೋಗಿವೆ ಅಂತ ಡಿಟೆಕ್ಟರ್ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ.

ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಲ್ಲಿ ಗೋಡೆ ಪೂರ್ತಿ ತಟ್ಟುತ್ತಾ ಹೋದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳು ಬಾಗಿಸಿ ತಟ್ಟಿ ಕಿವಿಗೊಡುತ್ತಾರಲ್ಲ, ಹಾಗೆಯೇ. ಗಟ್ಟಿ ಇರುವ ಕಡೆ ಚಿಕ್ಕದಾಗಿ ಟಕ್ ಅನ್ನುತ್ತದೆ. ಪ್ಲಾಸ್ಟರ್ ಇಟ್ಟಿಗೆ ಬಿಟ್ಟಿರುವ ಕಡೆ ಡಬ್ ಅಂತ ಟೊಳ್ಳು ಸದ್ದು. ಟೊಳ್ಳಾದ ಕಡೆಯೆಲ್ಲ ಸುತ್ತು ಹಾಕಿದೆ. ಪ್ಯಾಸೇಜ್ ಗೋಡೆಯ ಅರ್ಧಕ್ಕಿಂತ ಜಾಸ್ತಿ ಭಾಗ ಸುತ್ತಿನೊಳಗೇ ಇತ್ತು.

ಹಳೇ ಪ್ಲಾಸ್ಟರ್ ಗಟ್ಟಿ ಇದ್ದರೆ ಅದರ ಮೇಲೇ ಬೋರ್ಡ್ ಅಂಟಿಸಬಹುದು, ಬಣ್ಣವನ್ನು ಪೂರ್ತಿ ಕೆರೆದು ತೆಗೆದರೆ ಸಾಕು. ಆದರೆ ಅರ್ಧ ಗಟ್ಟಿ ಅರ್ಧ ಟೊಳ್ಳು ಇರುವ ಗೋಡೆಯಲ್ಲಿ ತೇಪೆ ಹಾಕುತ್ತಾ ಕೂರುವುದಕ್ಕಿಂತ ಇಟ್ಟಿಗೆವರೆಗೂ ಕೀಳುವುದೇ ವಾಸಿ. ಈ ಮಾತು ನನಗೆ ಮಹಡಿಯ ಕೋಣೆಯಲ್ಲೇ ಹೊಳೆಯಬೇಕಿತ್ತು.

ಕಿತ್ತದ್ದು

ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಬರೀ ಇದೇ. ಡ್ರಿಲ್ ಮೆಷಿನ್ನನ್ನು ತಿರುಗದೆ ಬರೀ ಬಡಿಯುವ ಹಾಗೆ ಇಟ್ಟು, ಅಗಲ ಬಾಯಿಯ ಚಾಣ ಸಿಕ್ಕಿಸಿದೆ. ಚಾಣವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ ಬಡಿದರೆ ಇಟ್ಟಿಗೆಯ ಮುಖವೇ ಕಿತ್ತುಬರುತ್ತದೆ. ಓರೆಯಾಗಿ, ಪ್ಲಾಸ್ಟರಿನ ಅಡಿಗೆ ನುಗ್ಗಿಸುವ ಹಾಗೆ ಹಿಡಿಯಬೇಕು. ಸಾಕೆಟ್ ಹತ್ತಿರ ಮೆಷಿನ್ ಬಿಟ್ಟು, ಕೈ ಚಾಣ ಮತ್ತು ಸುತ್ತಿಗೆಯಲ್ಲಿ ನಿಧಾನವಾಗಿ ಬಿಡಿಸಿದೆ. ಇಟ್ಟಿಗೆ ಮತ್ತು ಮರಳಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಬಟ್ಟೆ ಕಟ್ಟಿಕೊಂಡರೆ ಏನೂ ಸಾಲದು. ಎಫ್‌ಎಫ್‌ಪಿ3 ಎಂಬ, ಸಣ್ಣ ಧೂಳನ್ನೂ ಸೋಸುವ ಮಾಸ್ಕ್ ಮೂರೂ ದಿನ ಮುಖದ ಮೇಲೇ ಇತ್ತು. ಮೂರು ಮುಖಗಳಿಂದ ಒಟ್ಟು 29 ಚೀಲ ಕಸ ಬಂತು. ಚೀಲ ಒಂದಕ್ಕೆ ಸುಮಾರು 20 ಕಿಲೋ.

ಪ್ಲಾಸ್ಟರ್ ಕಿತ್ತ ಮೇಲೆ ಕಂಡದ್ದು ಕಪ್ಪು ಗಾರೆ. ಉತ್ತರ ಇಂಗ್ಲೆಂಡಿನ ಕೈಗಾರಿಕೆ ಊರುಗಳಲ್ಲಿ ಆಗ ಮರಳಿನ ಜೊತೆಗೆ ಅಥವಾ ಮರಳಿನ ಬದಲು ಕಲ್ಲಿದ್ದಲ ಬೂದಿಯನ್ನೂ ಗಾರೆಗೆ ಸೇರಿಸುತ್ತಿದ್ದರು. ಅಲ್ಲಲ್ಲಿ ಬೆರಳಿನಲ್ಲಿ ಕೆರೆದರೇ ಉದುರುತ್ತಿತ್ತು. ಹೊರಗೋಡೆಯ ಎರಡು ಪದರಗಳನ್ನು ಹಿಡಿದಿಡುವ ಕಬ್ಬಿಣದ ಕೊಂಡಿಗಳನ್ನು ಈ ಬೂದಿ ಗಾರೆ ಬೇಗ ತುಕ್ಕು ಹಿಡಿಸುತ್ತದೆ. ಹೊರಗೋಡೆ ಕೆಲಸಕ್ಕೆ ಇಳಿದಾಗ ಅದನ್ನು ಮೊದಲು ನೋಡಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ.

ಇಟ್ಟಿಗೆ ಸಂದುಗಳಲ್ಲಿ ಮರದ ಬೆಣೆಗಳೂ ಇದ್ದವು, ಅಂಗೈ ಉದ್ದದವು. ಕೆಳಗಿನ ಮರದ ಪಟ್ಟಿಗೂ ಚಿತ್ರ ತೂಗುಹಾಕುವ ಪಟ್ಟಿಗೂ ಮೊಳೆ ಹೊಡೆಯಲು ಬಡಿದಿದ್ದವು. ಒಣಗಿ ಸಡಿಲವಾಗಿ, ಇಕ್ಕಳಕ್ಕೆ ಸಿಕ್ಕರೆ ಹಾಗೇ ಜಾರಿ ಬರುತ್ತಿದ್ದವು. ಹದಿನೇಳು ಬೆಣೆ ತೆಗೆದೆ. ಇಂಥದರ ಮೇಲೆ ಅಂಟಿನ ಮುದ್ದೆ ಕೂತರೆ, ಆ ಮುದ್ದೆ ಇದ್ದೂ ಇಲ್ಲದ ಹಾಗೆ.

ಉದುರುವ ಸಂದುಗಳನ್ನು ಎರಡು ಸೆಂಟಿಮೀಟರ್ ಆಳಕ್ಕೆ ಕೆರೆದೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಕಲಸಿ ತುಂಬಿದೆ. ಬರೀ ಸಿಮೆಂಟಿನ ಗಾರೆ ಈ ಇಟ್ಟಿಗೆಗೆ ತುಂಬಾ ಗಡಸು. ಎರಡು ಇಟ್ಟಿಗೆ ಅಲ್ಲಾಡುತ್ತಿದ್ದವು, ಅವನ್ನು ಹೊರಗೆ ತೆಗೆದು ಮತ್ತೆ ಕೂರಿಸಿದೆ.

ನೆರೆಮನೆಯ ರೇಡಿಯೋ

ಜಂಟಿ ಗೋಡೆಯಲ್ಲಿ, ಚಿಮಣಿಯ ಎರಡೂ ಪಕ್ಕ ಒಂದು ಮೀಟರಿಗಿಂತ ಸ್ವಲ್ಪ ಅಗಲದ ಗೂಡುಗಳಿವೆ. ಎಡಗಡೆ ಗೂಡಿನ ಪ್ಲಾಸ್ಟರ್ ಕಿತ್ತ ಸಂಜೆ, ಪಕ್ಕದ ಮನೆಯ ಅಜ್ಜಿಯ ರೇಡಿಯೋದಲ್ಲಿ ಬರುತ್ತಿದ್ದ ಹವಾಮಾನ ವರದಿ ನನಗೆ ಪದ ಪದವಾಗಿ ಕೇಳಿಸಿತು. ಟಾರ್ಚ್ ಹಿಡಿದು ನೋಡಿದೆ. ಇಟ್ಟಿಗೆಗಳ ನಡುವಿನ ಲಂಬ ಸಂದುಗಳಲ್ಲಿ ಗಾರೆಯೇ ಇರಲಿಲ್ಲ. ಕಟ್ಟುವಾಗ ಅಡ್ಡ ಸಾಲಿಗೆ ಮಾತ್ರ ಗಾರೆ ಹಾಕಿ, ಲಂಬ ಸಂದನ್ನು ಖಾಲಿ ಬಿಟ್ಟಿದ್ದರು. ಇಷ್ಟು ವರ್ಷ ಸದ್ದು ತಡೆದದ್ದು ಪ್ಲಾಸ್ಟರೇ.

ಇಂಥ ಗೋಡೆಗೆ ನೇರವಾಗಿ ಬೋರ್ಡ್ ಅಂಟಿಸಿದರೆ ಏನಾಗುತ್ತದೆ? ಬೋರ್ಡಿಗೂ ಇಟ್ಟಿಗೆಗೂ ನಡುವೆ ಒಂದೆರಡು ಸೆಂಟಿಮೀಟರ್ ಗಾಳಿ ಉಳಿಯುತ್ತದೆ. ಸಂದಿನಿಂದ ಬಂದ ಸದ್ದು ಅಲ್ಲಿ ಸೇರಿ, ತೆಳು ಬೋರ್ಡನ್ನು ಡೋಲಿನ ಚರ್ಮದ ಹಾಗೆ ಅದುರಿಸುತ್ತದೆ. ಹಸಿ ಪ್ಲಾಸ್ಟರ್ ಇಟ್ಟಿಗೆಗೆ ಮೈತುಂಬ ಅಂಟಿಕೊಂಡು ಸಂದುಗಳನ್ನೂ ಮುಚ್ಚುತ್ತದೆ. ಬೋರ್ಡೇ ಬೇಕು ಅನ್ನುವವರು ಮೊದಲು ಇಟ್ಟಿಗೆ ಪೂರ್ತಿ ಮುಚ್ಚುವ ಹಾಗೆ ತೆಳು ಗಾರೆ ಎಳೆದು, ಅದರ ಮೇಲೆ ಅಂಟಿಸುತ್ತಾರೆ. ಗಾರೆ ಎಳೆದೇ ಎಳೆಯಬೇಕಾದರೆ ಬೋರ್ಡ್ ಯಾಕೆ ಅನ್ನಿಸಿತು. ಸಂದುಗಳನ್ನೆಲ್ಲ ತುಂಬಿ, ಗೂಡುಗಳೆರಡಕ್ಕೂ ಹಸಿ ಪ್ಲಾಸ್ಟರನ್ನೇ ಮಾಡಿಸಿದೆ. ಈಗ ಅಜ್ಜಿಯ ರೇಡಿಯೋ ನನಗೆ ಕೇಳಿಸುವುದಿಲ್ಲ. ನಮ್ಮ ಮಗಳ ಕೀಬೋರ್ಡ್ ಕೂಡ ಮೊದಲಿನಷ್ಟು ಕೇಳುವುದಿಲ್ಲ ಅಂತ ಅವರೂ ಹೇಳಿದರು.

ಚಿಮಣಿ

ಚಿಮಣಿಯ ಇಟ್ಟಿಗೆಯ ಮೇಲೆ ಕಂದು ಕಲೆಗಳು, ಬೆಲ್ಲದ ಪಾಕ ಸುರಿದು ಒಣಗಿದ ಹಾಗೆ. ಎದೆಯೆತ್ತರದಲ್ಲಿ ಅಲ್ಲಲ್ಲಿ ಹತ್ತಿಯಂಥ ಬಿಳಿ ಪುಡಿ. ಬೂಷ್ಟು ಇರಬಹುದು ಅಂದುಕೊಂಡು ಸ್ವಲ್ಪವನ್ನು ಚಮಚದ ನೀರಿಗೆ ಹಾಕಿದೆ. ಕರಗಿತು. ಹಾಗಾದರೆ ಅದು ಉಪ್ಪು. ಬೂಷ್ಟು ಹಾಗೆ ಕರಗುವುದಿಲ್ಲ.

ಈ ಒಲೆಯಲ್ಲಿ ಎಷ್ಟೋ ವರ್ಷ ಕಲ್ಲಿದ್ದಲು ಉರಿದಿದೆ. ಅದರ ಹೊಗೆಯಲ್ಲಿನ ಟಾರು ಮತ್ತು ಉಪ್ಪುಗಳು ಇಟ್ಟಿಗೆಯೊಳಗೆ ಇಳಿದು ಕೂತಿವೆ. ಆ ಉಪ್ಪು ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪಿನ ಡಬ್ಬಿ ನೀರಾಡುತ್ತದಲ್ಲ, ಅದೇ ಥರ. ಮಳೆ ಬರುವ ದಿನ ಈ ಗೋಡೆಯನ್ನು ಕೈಯಿಂದ ಮುಟ್ಟಿದರೆ ತಣ್ಣಗೆ, ಜಿಗುಟಾಗಿ ಇರುತ್ತಿತ್ತು. ಎಲ್ಲಿಂದಲೂ ನೀರು ಸೋರುತ್ತಿರಲಿಲ್ಲ.

ಸೂಜಿ ಚುಚ್ಚುವ ತೇವದ ಮೀಟರ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಅದು ಅಳೆಯುವುದು ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಉಪ್ಪು ಇದ್ದರೆ ಗೋಡೆ ಒದ್ದೆ ಇಲ್ಲದಿದ್ದರೂ ಮುಳ್ಳು ಮೇಲಕ್ಕೇರುತ್ತದೆ. ಅದನ್ನು ನೋಡಿ ಹೆದರಿ, ಗೋಡೆಗೆ ರಾಸಾಯನಿಕ ಚುಚ್ಚಿಸುವ ದುಬಾರಿ ಕೆಲಸಕ್ಕೆ ಇಳಿದವರನ್ನು ನಾನು ಬಲ್ಲೆ. ಅದಕ್ಕಿಂತ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಒತ್ತಿ ಗೋಡೆಗೆ ಅಂಟಿಸಿ ಮೂರು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ತೇವ ಗೋಡೆಯಿಂದ ಬರುತ್ತಿದೆ. ಮುಂದೆ ಕಟ್ಟಿದರೆ ಅದು ಕೋಣೆಯ ಗಾಳಿಯದ್ದು. ಪ್ಯಾಸೇಜ್ ಗೋಡೆಗೆ ಹೀಗೆ ಮೂರು ಕಡೆ ಅಂಟಿಸಿದ್ದೆ, ಹಿಂದೆ ಮುಂದೆ ಎರಡೂ ಒಣಗಿತ್ತು.

ಚಿಮಣಿಗೆ ಜಿಪ್ಸಂ ಮುದ್ದೆ ಹಾಕಿದ್ದರೆ, ಇಟ್ಟಿಗೆಯ ಉಪ್ಪು ಒಂದೊಂದು ಮುದ್ದೆಯನ್ನೂ ದಾರಿ ಮಾಡಿಕೊಂಡು ಬೋರ್ಡಿಗೆ ಬರುತ್ತಿತ್ತು. ಬಣ್ಣ ಬಳಿದ ಮೇಲೆ ಮುದ್ದೆ ಇರುವ ಕಡೆಯೆಲ್ಲ ಸಾಲಾಗಿ ಕಂದು ಚುಕ್ಕೆ. ಒಬ್ಬ ಗೆಳೆಯನ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ, ಗೋಡೆಗೆ ಚದುರಂಗದ ಮನೆ ಬರೆದ ಹಾಗಿತ್ತು. ಹಾಗಾಗಿ ಇಲ್ಲಿ ಅಂಟು ಬೇಡ ಅಂತ ಬಿಟ್ಟೆ. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ಚೀಲಕ್ಕೆ ತುಂಬಿದೆ. ನೀರು ಹಾಕಿ ತೊಳೆಯಬಾರದು, ತೊಳೆದರೆ ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ಇಟ್ಟಿಗೆಗೆ ಎಲ್ಲೂ ತಾಗದ ಹಾಗೆ ತೆಳು ಲೋಹದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಬೋರ್ಡನ್ನು ಸ್ಕ್ರೂ ಮಾಡಿದೆ. ಕೆಳಗೆ ಗಾಳಿ ಜಾಲರಿ ಬಿಟ್ಟೆ. ಮೇಲೆ ಚಿಮಣಿಯ ಬಾಯಿಗೆ ಮಳೆ ತಡೆಯುವ, ಗಾಳಿ ಬಿಡುವ ಟೋಪಿ ಹಾಕಿಸಿದೆ.

ಇಟ್ಟಿಗೆ ನೀರು ಕುಡಿಯುವುದು

ಇನ್ನು ಉಳಿದದ್ದು ಪ್ಯಾಸೇಜ್ ಗೋಡೆ. 3.7 ಮೀಟರ್ ಉದ್ದ, 2.42 ಮೀಟರ್ ಎತ್ತರ, ಒಂದು ತುದಿಗೆ ಬಾಗಿಲು. ಒಣಗಿದ, ಗಟ್ಟಿ ಗೋಡೆ. ಬೋರ್ಡ್ ಅಂಟಿಸುವುದಕ್ಕೆ ಸರಿಯಾದದ್ದು ಇದೇ.

ಏಳನೇ ದಿನ ಪೂರ್ತಿ ಧೂಳು ತೆಗೆದೆ. ಗಟ್ಟಿ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಉಜ್ಜಿ, ವ್ಯಾಕ್ಯೂಮ್ ಹಿಡಿದೆ. ಮುಗಿಯಿತು ಅನ್ನಿಸಿತು. ಅಗಲ ಟೇಪಿನ ತುಂಡನ್ನು ಇಟ್ಟಿಗೆಗೆ ಒತ್ತಿ ಕಿತ್ತು ನೋಡಿದರೆ ಟೇಪಿನ ಮೇಲೆ ಕೆಂಪು ಕಪ್ಪು ಪುಡಿಯ ಹಾಸು. ಮತ್ತೆ ಬ್ರಷ್, ಮತ್ತೆ ವ್ಯಾಕ್ಯೂಮ್. ಮೂರನೇ ಸಲಕ್ಕೆ ಟೇಪಿನ ಮೇಲೆ ಅಲ್ಲೊಂದು ಇಲ್ಲೊಂದು ಕಣ ಮಾತ್ರ ಉಳಿಯಿತು. ಟೇಪಿಗೆ ಅಂಟಿ ಬರುವ ಧೂಳೇ ನಾಳೆ ಮುದ್ದೆಗೂ ಅಂಟಿ ಬರುವುದು. ಮಹಡಿಯ ಕೋಣೆಯಲ್ಲಿ ಇದೊಂದು ತುಂಡು ಟೇಪ್ ಹಿಡಿದಿದ್ದರೆ ಡಿಸ್ಟೆಂಪರ್ ಅಲ್ಲೇ ಗೊತ್ತಾಗಿಬಿಡುತ್ತಿತ್ತು.

ಆಮೇಲೆ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ ನೋಡಿದೆ. ಒಂದೇ ಗೋಡೆಯಲ್ಲಿ ಎರಡು ಥರದ ಇಟ್ಟಿಗೆ ಸಿಕ್ಕವು. ಜಾಸ್ತಿ ಪಾಲು ಮೆತ್ತನೆಯ ಕೆಂಪು ಇಟ್ಟಿಗೆ. ನೀರು ಬಿದ್ದ ಎರಡು ಮೂರು ಸೆಕೆಂಡಿನಲ್ಲಿ ಮಾಯ. ನಡುನಡುವೆ ಇಟ್ಟಿಗೆ ಸುಡುವ ಗೂಡಿನಲ್ಲಿ ಅತಿಯಾಗಿ ಬೆಂದ, ನೀಲಿ ಛಾಯೆಯ ಇಟ್ಟಿಗೆಗಳು. ಗಾಜಿನ ಮೇಲೆ ಬಿದ್ದ ಹಾಗೆ ನೀರು ಹನಿಯಾಗಿ ನಿಂತು, ಕೆಳಕ್ಕೆ ಜಾರಿತು. ಒಳಗೋಡೆ, ಹೇಗೂ ಪ್ಲಾಸ್ಟರ್ ಮುಚ್ಚುತ್ತದೆ ಅಂತ ಎರಡನೇ ದರ್ಜೆಯ ಇಟ್ಟಿಗೆಗಳನ್ನೆಲ್ಲ ಕಲೆಸಿ ಕಟ್ಟಿದ್ದಾರೆ.

ಅವತ್ತು ಹಾಸನದಲ್ಲಿರುವ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಜಿಪ್ಸಂ ಅಂಟು ಅವರು ಕಂಡಿದ್ದಲ್ಲ, ಇಟ್ಟಿಗೆ ಕಂಡವರು.

"ದೊಡ್ಡಪ್ಪ, ನೋಡಿ, ನೀರು ಹಾಕಿದ ತಕ್ಷಣ ಕುಡಿದುಬಿಡ್ತದೆ. ಇಲ್ಲಿ ನೋಡಿದರೆ ಒಂದು ಹನಿನೂ ಕುಡಿಯಲ್ಲ."

"ಕುಡಿಯೋದು ನಿನ್ನ ಗಾರೆ ನೀರನ್ನೂ ಕುಡೀತದೆ ಮಗ. ಅದರ ಬಾಯಾರಿಕೆ ಮೊದಲು ತೀರಿಸು. ಆಮೇಲೆ ಗಾರೆ ಹಾಕು. ಕುಡೀದೇ ಇರೋದಕ್ಕೆ ಮೈ ಒರಟು ಮಾಡು. ಚಾಣದಲ್ಲಿ ಕಚ್ಚು ಹೊಡಿ."

ನಾನು ಚಿಕ್ಕವನಿದ್ದಾಗ ಅವರು ಗೋಡೆ ಕಟ್ಟುವ ಮೊದಲು ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿಡುತ್ತಿದ್ದರು. ಗುಳು ಗುಳು ಅಂತ ಗುಳ್ಳೆ ಬರುವುದು ನಿಂತ ಮೇಲೇ ಎತ್ತಿಕೊಡು ಅನ್ನುತ್ತಿದ್ದರು. ಆ ಗುಳ್ಳೆಗಳನ್ನು ಎಣಿಸುತ್ತಾ ಕೂರುವುದು ನನ್ನ ಕೆಲಸ.

ಜಿಪ್ಸಂ ಅಂಟಿಗೂ ಕಾರಣ ಅದೇ. ಜಿಪ್ಸಂ ಕಲ್ಲನ್ನು ಬಿಸಿ ಮಾಡಿ, ಅದರೊಳಗಿನ ನೀರನ್ನು ಬಹುಪಾಲು ತೆಗೆದ ಪುಡಿ ಅದು. ನೀರು ಸೇರಿಸಿದರೆ ಆ ನೀರನ್ನು ತನ್ನೊಳಗೆ ಹಿಡಿದುಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಾಗುವ ಮೊದಲೇ ಇಟ್ಟಿಗೆ ಆ ನೀರನ್ನು ಎಳೆದುಕೊಂಡರೆ, ಇಟ್ಟಿಗೆಗೆ ತಾಗಿರುವ ತೆಳು ಪದರ ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ಮುದ್ದೆಯ ಹೊಟ್ಟೆ ಕಲ್ಲು, ಮುಖ ಹಿಟ್ಟು. ಇನ್ನು ನೀರನ್ನೇ ಕುಡಿಯದ ಇಟ್ಟಿಗೆಯ ಮೇಲೆ ಅಂಟಿಗೆ ಹಿಡಿದುಕೊಳ್ಳಲು ರಂಧ್ರವೇ ಸಿಗುವುದಿಲ್ಲ.

ದೊಡ್ಡಪ್ಪ ಹೇಳಿದ ಹಾಗೆ ಬಕೆಟ್ಟಿನಲ್ಲಿ ನೀರು ಎರಚಲಿಲ್ಲ. ಜಿಪ್ಸಂ ಹಿಂದೆ ಒದ್ದೆ ಗೋಡೆ ಇರಬಾರದು. ಮೆತ್ತನೆಯ ಇಟ್ಟಿಗೆಗೆ ಹೀರಿಕೆ ತಗ್ಗಿಸುವ ಅಕ್ರಿಲಿಕ್ ಪ್ರೈಮರನ್ನು, ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ನೀರು ಬೆರೆಸಿ ಬಳಿದೆ. ಇಲ್ಲಿ ಬಹಳ ಜನ ಬಿಳಿ ಪಿವಿಎ ಅಂಟನ್ನು ತೆಳು ಮಾಡಿ ಬಳಿಯುತ್ತಾರೆ. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಪಿವಿಎ ಒಣಗಿದ ಮೇಲೂ ತೇವ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. 23 ಕಿಲೋ ಹಾಳೆಯನ್ನು ಅದರ ಭರವಸೆಯ ಮೇಲೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ನೀಲಿ ಇಟ್ಟಿಗೆಗಳಿಗೆ ಚಾಣದಲ್ಲಿ ಸಣ್ಣ ಸಣ್ಣ ಕಚ್ಚು ಹೊಡೆದು, ಮರಳಿನ ಕಣ ಬೆರೆತ ಒರಟು ಪ್ರೈಮರ್ ಹಚ್ಚಿದೆ. ಒಣಗಿದ ಮೇಲೆ ಅಂಗೈ ಆಡಿಸಿದರೆ ಉಪ್ಪುಕಾಗದ ಮುಟ್ಟಿದ ಹಾಗಿತ್ತು. ಮರುದಿನ ಎರಡೂ ಬಗೆಯ ಇಟ್ಟಿಗೆಗೆ ಮತ್ತೆ ನೀರು ಚಿಮುಕಿಸಿದೆ. ಮೆತ್ತನೆಯದು ಈಗ ನಿಧಾನವಾಗಿ ಕುಡಿಯಿತು, ಅರ್ಧ ನಿಮಿಷದ ಮೇಲೂ ತೇವದ ಹೊಳಪು ಇತ್ತು.

ಗೋಡೆಯ ಡೊಂಕು

ಪ್ರೈಮರ್ ಹಚ್ಚುವ ಮೊದಲೇ ಒಂದು ಕೆಲಸ ಮಾಡಿದ್ದೆ, ಅದನ್ನು ಇಲ್ಲಿ ಹೇಳುತ್ತೇನೆ. ಗೋಡೆಯ ಉದ್ದಕ್ಕೂ ದಾರ ಕಟ್ಟಿ, ಮೇಲಿಂದ ತೂಗುಗುಂಡು ಬಿಟ್ಟು, ಅರ್ಧರ್ಧ ಮೀಟರಿಗೆ ದಾರದಿಂದ ಇಟ್ಟಿಗೆಗೆ ಎಷ್ಟು ದೂರ ಅಂತ ಅಳೆದು ಇಟ್ಟಿಗೆಯ ಮೇಲೇ ಬರೆದೆ. ಮುದ್ದೆ ಒತ್ತಿದ ಮೇಲೆ ಅದರ ದಪ್ಪ 10ರಿಂದ 25 ಮಿಲಿಮೀಟರ್ ನಡುವೆ ಇರಬೇಕು. ತೆಳುವಾದರೆ ಬೋರ್ಡನ್ನು ಹೊಂದಿಸಲು ಜಾಗ ಇರುವುದಿಲ್ಲ. ದಪ್ಪವಾದರೆ ಹಸಿ ಮುದ್ದೆ ಭಾರಕ್ಕೆ ಜೋಲುತ್ತದೆ.

ಒಂದು ಕಡೆ 34 ಮಿಲಿಮೀಟರ್ ಹಳ್ಳ ಸಿಕ್ಕಿತು. ಅಲ್ಲಿ ಹಿಂದೆ ಒಂದು ಸಣ್ಣ ಕಿಂಡಿ ಇದ್ದಿರಬೇಕು. ಆ ಕಾಲದ ಮನೆಗಳಲ್ಲಿ ಅಡುಗೆ ಮನೆ ಕಡೆಯಿಂದ ತಟ್ಟೆ ದಾಟಿಸಲು ಇಂಥ ಕಿಂಡಿ ಬಿಡುತ್ತಿದ್ದರು. ಆಮೇಲೆ ಯಾರೋ ಒಳಗೆ ಸರಿಸಿ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಆ ಹಳ್ಳವನ್ನು ಅದೇ ಸುಣ್ಣ ಬೆರೆತ ಗಾರೆಯಲ್ಲಿ ಎರಡು ಸಲವಾಗಿ ತುಂಬಿ, ಮೇಲ್ಮೈಯನ್ನು ಮೊಳೆಯಲ್ಲಿ ಗೀಚಿ ಒರಟು ಬಿಟ್ಟೆ. ಚಾಚಿಕೊಂಡಿದ್ದ ಗಾರೆಯ ಗುಬುಟುಗಳನ್ನು ತಟ್ಟಿ ಉದುರಿಸಿದೆ. ಕೊನೆಗೆ ಗೋಡೆಯ ಉಬ್ಬಿಗೂ ತಗ್ಗಿಗೂ ವ್ಯತ್ಯಾಸ 11 ಮಿಲಿಮೀಟರ್ ಉಳಿಯಿತು. ಅತಿ ಉಬ್ಬಿದ ಇಟ್ಟಿಗೆಯಿಂದ 25 ಮಿಲಿಮೀಟರ್ ಮುಂದೆ ನೆಲಕ್ಕೂ ಸೀಲಿಂಗಿಗೂ ಗೆರೆ ಹಾಕಿದೆ. ಬೋರ್ಡಿನ ಮುಖ ಬರಬೇಕಾದ ಜಾಗ ಅದು. ಅಂದರೆ ಅಂಟಿನ ದಪ್ಪ ಉಬ್ಬಿದ ಕಡೆ 12.5, ತಗ್ಗಿನ ಕಡೆ 23.5. ಎರಡೂ ಮಿತಿಯೊಳಗೆ.

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಡಬ್ಬಿಗಳನ್ನು ಹೊಸ ಮುಖಕ್ಕೆ ತಕ್ಕಂತೆ ಮುಂದೆ ತಂದರು. ಪುಸ್ತಕದ ಕಪಾಟು ಬರುವ ಕಡೆ ಗೋಡೆಗೆ ಅಡ್ಡ ಗೆರೆಗಳನ್ನು ಹಾಕಿದೆ, ಅಲ್ಲಿ ಮುದ್ದೆಯ ಬದಲು ಪೂರ್ತಿ ಅಂಟು ತುಂಬಬೇಕು. ಟೇಪ್ ಅಳತೆಯನ್ನು ಪಕ್ಕಕ್ಕೆ ಹಿಡಿದು ಗೋಡೆಯ ಫೋಟೋ ತೆಗೆದೆ. ಮುಂದೆ ಡ್ರಿಲ್ ಹಿಡಿದವರಿಗೆ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಯ ಮುದ್ದೆ

ಒಂಬತ್ತನೇ ದಿನ ಸ್ವಲ್ಪ ಅಂಟು ಕಲಸಿ, ಎರಡು ಕಡೆ ಒಂದೊಂದು ಮುದ್ದೆ ಇಟ್ಟೆ. ಒಂದು ಮೆತ್ತನೆಯ ಇಟ್ಟಿಗೆಯ ಮೇಲೆ, ಇನ್ನೊಂದು ನೀಲಿ ಇಟ್ಟಿಗೆಯ ಮೇಲೆ. ತಟ್ಟೆಯಗಲದ ಬೋರ್ಡ್ ತುಂಡುಗಳನ್ನು ಒತ್ತಿ ಬಿಟ್ಟೆ. ಮರುದಿನ ಸಂಜೆ ತುಂಡಿನ ಅಂಚಿಗೆ ಸಬ್ಬಲಿನಂಥ ಸಣ್ಣ ಮೀಟುಗೋಲು ಕೊಟ್ಟು ಎಳೆದೆ.

ನೀಲಿ ಇಟ್ಟಿಗೆಯದು ಮೊದಲು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಟ್ಟೆ ಹರಿದ ಹಾಗೆ ಸದ್ದಾಗಿ ಬೋರ್ಡ್ ಕೈಗೆ ಬಂತು. ಅದರ ಹಿಂದಿನ ಕಾಗದ ಪೂರ್ತಿ ಹರಿದು ಮುದ್ದೆಯ ಮೇಲೇ ಉಳಿದಿತ್ತು. ಮುದ್ದೆ ಇಟ್ಟಿಗೆ ಬಿಟ್ಟಿರಲಿಲ್ಲ. ಮೆತ್ತನೆಯ ಇಟ್ಟಿಗೆಯಲ್ಲೂ ಹಾಗೇ ಆಯಿತು. ಗ್ಯಾರೇಜಿಗೆ ಹೋಗಿ ಕಿಟಕಿಯಲ್ಲಿದ್ದ ಹಳೇ ತುಂಡನ್ನು ತಂದು ಪಕ್ಕಕ್ಕೆ ಹಿಡಿದೆ. ಒಂದರ ಮುಖದ ಮೇಲೆ ಡಿಸ್ಟೆಂಪರಿನ ಕೆನೆ, ಇನ್ನೊಂದರ ಮೇಲೆ ಬೋರ್ಡಿನ ಹರಿದ ಕಾಗದ.

ಆ ಎರಡು ಮುದ್ದೆಗಳನ್ನು ಗೋಡೆಯಿಂದ ತೆಗೆಯಬೇಕಿತ್ತಲ್ಲ, ಬೋರ್ಡಿಗೆ ಅಡ್ಡ ಬರುತ್ತವೆ. ಚಾಣ ಇಟ್ಟು ಬಡಿದೆ. ಮೆತ್ತನೆಯ ಇಟ್ಟಿಗೆಯ ಮೇಲಿನದು ಬರುವಾಗ ಇಟ್ಟಿಗೆಯ ಒಂದು ತೆಳು ಚಕ್ಕೆಯನ್ನೂ ಕಿತ್ತುಕೊಂಡೇ ಬಂತು. ಆ ಜಾಗಕ್ಕೆ ಮತ್ತೆ ಧೂಳು ಗುಡಿಸಿ, ಟೇಪ್ ಒತ್ತಿ ನೋಡಿ, ಪ್ರೈಮರ್ ಹಚ್ಚಿದೆ. ಅದು ಒಣಗಲು ಹನ್ನೊಂದನೇ ದಿನ ಬಿಟ್ಟೆ. ಅವತ್ತು ಬೋರ್ಡ್ ತಂದು, ಕೋಣೆಯಲ್ಲೇ ಮಟ್ಟಸವಾಗಿ ಮಲಗಿಸಿಟ್ಟೆ.

ಹನ್ನೆರಡನೇ ದಿನ ಬೆಳಗ್ಗೆ ಅಂಟು ಕಲಸಿದೆ. ಬಕೆಟ್ಟಿಗೆ ನೀರು ಮೊದಲು, ಪುಡಿ ಆಮೇಲೆ. ಕರಣೆ ತಲೆಕೆಳಗು ಮಾಡಿದರೂ ಕ್ಷಣ ಹೊತ್ತು ಬೀಳದೆ ನಿಲ್ಲುವ ಹದ. ಸೀಲಿಂಗ್ ಕೆಳಗೆ, ನೆಲದ ಮೇಲೆ, ಎರಡೂ ತುದಿಗೆ, ಬಾಗಿಲ ಚೌಕಟ್ಟು ಮತ್ತು ಸಾಕೆಟ್ ಸುತ್ತ ತುಂಡಾಗದ ಹಾಗೆ ಅಂಟಿನ ಪಟ್ಟಿ ಎಳೆದೆ. ಈ ಪಟ್ಟಿ ಬಿಟ್ಟು ಬರೀ ಮುದ್ದೆ ಇಟ್ಟರೆ, ಮರದ ನೆಲದ ಅಡಿಯ ತಣ್ಣನೆ ಗಾಳಿ ಬೋರ್ಡಿನ ಹಿಂದೆಲ್ಲ ಓಡಾಡುತ್ತದೆ. ಚಳಿಗಾಲದಲ್ಲಿ ಸಾಕೆಟ್ ಹತ್ತಿರ ಕೈ ಹಿಡಿದರೆ ಗಾಳಿ ಬರುವ ಮನೆಗಳು ಇಲ್ಲಿ ಎಷ್ಟೋ ಇವೆ. ಪಟ್ಟಿಯ ಒಳಗೆ ಅಂಗೈ ಅಗಲ, ಗೇಣುದ್ದದ ಮುದ್ದೆಗಳ ಸಾಲು. ಬೋರ್ಡನ್ನು ಕಾಲಿನಲ್ಲಿ ಒತ್ತುವ ಮೀಟುಗೋಲಿನಿಂದ ಎತ್ತಿ ಸೀಲಿಂಗಿಗೆ ತಾಗಿಸಿ, ಮಟ್ಟಪಟ್ಟಿಯಿಂದ ತಟ್ಟುತ್ತಾ ಗೆರೆಗೆ ತಂದು, ಕೆಳಗೆ ಮರದ ಚೂರು ಕೊಟ್ಟು ನಿಲ್ಲಿಸಿದೆ. ನೆಲದಿಂದ 20 ಮಿಲಿಮೀಟರ್ ಸಂದು ಉಳಿಯಿತು, ಅದನ್ನು ಮರದ ಪಟ್ಟಿ ಮುಚ್ಚುತ್ತದೆ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುವೆ ನಿಂತಿತು. ಊಟದ ಹೊತ್ತಿಗೆ ಇಡೀ ಗೋಡೆ ಮುಗಿಯಿತು.

ಕೊನೆಯ ಬೋರ್ಡ್ ಮುಚ್ಚುವ ಮೊದಲು ಮಗಳು ಪೆನ್ಸಿಲ್ ಕೇಳಿದಳು. ಮುಚ್ಚಿದ ಕಿಂಡಿಯ ಪಕ್ಕದ ಇಟ್ಟಿಗೆಯ ಮೇಲೆ ಕನ್ನಡದಲ್ಲಿ ತನ್ನ ಹೆಸರು, ತಾರೀಖು ಬರೆದಳು. ಅದರ ಕೆಳಗೆ ನಾನು ಬರೆದೆ: ಇಲ್ಲಿ ಕಿಂಡಿ ಇತ್ತು, ಚಿಮಣಿಗೆ ಜಿಪ್ಸಂ ಹಚ್ಚಬೇಡಿ.